ಹೊಲದ ನಡುವೆ ಎದ್ದ ಮನೆ: ಬಸವನಗುಡಿ ಬಡಾವಣೆಯ ಕಥೆಯೂ ನಮ್ಮೂರಿಗೆ ಅದರ ಪಾಠವೂ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬೇಕೆಂದು ಕಾರ್ಯದರ್ಶಿಗಳು ಮನೆಗೇ ಬಂದು ಕೇಳಿದರು. "ಮೇಷ್ಟ್ರೇ, ರಾಜರು ಯುದ್ಧ ಅಂತ ಬರೀಬೇಡಿ, ನಮ್ಮ ಜನ ಓದೋ ಹಾಗೆ ಇರ್ಲಿ" ಎಂದು ಎಚ್ಚರಿಕೆಯನ್ನೂ ಕೊಟ್ಟು ಹೋದರು. ಆದ್ದರಿಂದ ರಾಜರನ್ನು ಪಕ್ಕಕ್ಕಿಟ್ಟು ಒಂದು ಮನೆಯ ಕಥೆ ಹೇಳಲು ಹೊರಟಿದ್ದೇವೆ. ಆ ಮನೆ ನಮ್ಮೂರಿನದಲ್ಲ, ಬೆಂಗಳೂರಿನ ಬಸವನಗುಡಿಯದು. ಊರಿನ ಸಂಚಿಕೆಯಲ್ಲಿ ಪೇಟೆಯ ಮನೆಯ ಮಾತು ಯಾಕೆ ಅಂತ ಸದಸ್ಯ ಬಂಧುಗಳು ಕೇಳಬಹುದು. ಈಚೆಗೆ ನಮ್ಮ ಊರ ಮೂಡಲ ಹೊಲಗಳಲ್ಲಿ ಬಿಳೀ ಬಣ್ಣ ಬಳಿದ ಕಲ್ಲುಗಳು ಎದ್ದಿವೆ. ಟೇಪು ಹಿಡಿದ ಹುಡುಗರು ಅಳೆದು ಹೋಗಿದ್ದಾರೆ. ಎಲ್ಲರ ಬಾಯಲ್ಲೂ 'ಲೇಔಟ್' ಎಂಬ ಒಂದೇ ಮಾತು. ನೂರಿಪ್ಪತ್ತೈದು ವರ್ಷದ ಹಿಂದೆ ಹೀಗೇ ಹೊಲಗಳ ನಡುವೆ ಕಲ್ಲು ನೆಟ್ಟು ಬಸವನಗುಡಿಯನ್ನು ಮಾಡಿದರು. ಅಲ್ಲಿ ಏನು ಸರಿಯಾಯಿತು, ಏನು ತಪ್ಪಿತು ಅಂತ ತಿಳಿದುಕೊಂಡರೆ ನಮಗೇ ಒಳ್ಳೆಯದು.

ಪರಿಷೆಯ ಗಾಡಿಗಳು

ಆ ಮನೆಗೂ ನಮಗೂ ನಂಟು ಬೆಳೆದದ್ದು ಕಡಲೆಕಾಯಿಂದ. ಕಾರ್ತಿಕ ಮಾಸದ ಕಡೇ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಡೆಯುವ ಕಡಲೆಕಾಯಿ ಪರಿಷೆ ಎಲ್ಲರಿಗೂ ಗೊತ್ತು. ನಮ್ಮ ತಾತನವರ ಕಾಲದಲ್ಲಿ ಊರಿಂದ ಏಳೆಂಟು ಗಾಡಿಗಳು ಹಿಂದಿನ ದಿನವೇ ಹೊರಡುತ್ತಿದ್ದವು. ರಾತ್ರಿ ಗಾಡಿ ಬಿಡಲು ಜಾಗ ಬೇಕಲ್ಲ? ಗುಡಿಯ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಮನೆ ಇತ್ತು. ಅದರ ಪಕ್ಕದ ಖಾಲಿ ಜಾಗದಲ್ಲಿ ಗಾಡಿ ಬಿಟ್ಟು, ಎತ್ತುಗಳಿಗೆ ಹುಲ್ಲು ಹಾಕಿ, ಆ ಮನೆಯ ಬಾವಿಯಲ್ಲಿ ನೀರು ಸೇದಿಕೊಳ್ಳುತ್ತಿದ್ದರು. ಮನೆಯ ಯಜಮಾನರು ಹುಜೂರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. "ಏನ್ ಗೌಡ್ರೆ, ಈ ಸಲ ಕಾಯಿ ಹೇಗೆ?" ಅನ್ನೋರು. "ಮಳೆ ಕೈ ಕೊಡ್ತು ಸ್ವಾಮಿ, ಆದ್ರೂ ತಮಗೆ ಒಂದು ಮೂಟೆ ತಂದಿವ್ನಿ" ಅಂತ ತಾತನವರು ಅನ್ನೋರು. ಈ ಪರಿಚಯದಿಂದಲೇ ನಾವು 1964ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ಹೋದಾಗ ಆ ಮನೆಯ ಹಿತ್ತಲ ಕೋಣೆಯಲ್ಲಿ ನಮಗೆ ಜಾಗ ಸಿಕ್ಕಿತು. ಮೂರು ವರ್ಷ ಅಲ್ಲಿದ್ದೆವು.

ಪರಿಷೆಗೆ ಒಂದು ಕಥೆ ಇದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ಮೊದಲಾದ ಹಳ್ಳಿಗಳ ರೈತರು ಬೆಳೆದ ಕಡಲೆಕಾಯನ್ನು ಒಂದು ಬಸವ ರಾತ್ರಿ ಬಂದು ಮೇಯುತ್ತಿತ್ತಂತೆ. ರೈತರು ಅಟ್ಟಿಸಿಕೊಂಡು ಹೋದಾಗ ಅದು ಗುಡ್ಡದ ಮೇಲೆ ಕಲ್ಲಾಯಿತಂತೆ. ಅಂದಿನಿಂದ ಮೊದಲ ಬೆಳೆ ಬಸವಣ್ಣನಿಗೇ. ಗುಡಿಯನ್ನು 16ನೇ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದರು ಅಂತ ಹೇಳುತ್ತಾರೆ. ಕಡಲೆಕಾಯಿ ಮಾತ್ರ ದಕ್ಷಿಣ ಅಮೆರಿಕದ ಗಿಡ. ಯುರೋಪಿನವರು ಹಡಗಿನಲ್ಲಿ ಓಡಾಡಲು ಶುರುಮಾಡಿದ ಮೇಲೆ ನಮ್ಮ ನಾಡಿಗೆ ಬಂದದ್ದು. ಹಾಗಾಗಿ ಕಥೆಯ ಎಲ್ಲ ಮಾತೂ ಗುಡಿಯಷ್ಟು ಹಳೆಯದಾಗಿರಲಾರದು. ಆದರೆ ಕಥೆಯೊಳಗಿನ ಒಂದು ಸಂಗತಿಯನ್ನು ಮರೆಯಬಾರದು. ಇವತ್ತು ಬಸವನಗುಡಿ ಎಂದು ಕರೆಯುವ ಜಾಗ ಬೆಂಗಳೂರು ಪೇಟೆಯಾಗಿರಲಿಲ್ಲ. ಕೋಟೆಯ ಹೊರಗೆ, ಹೊಲ, ಬಂಡೆ, ಕೆರೆ, ತೋಪುಗಳ ನಡುವೆ ಹಳ್ಳಿಗಳಿದ್ದವು. ಅಲ್ಲಿದ್ದವರೂ ನಮ್ಮಂತಹ ಒಕ್ಕಲು ಮಕ್ಕಳೇ.

ಪ್ಲೇಗು ಬಂತು

ಅಂಥ ಹೊಲಗಳ ನಡುವೆ ಬಂಗಲೆಗಳು ಏಳಲು ಕಾರಣವೇನು? ಒಂದು ಮಾತಿನಲ್ಲಿ ಹೇಳುವುದಾದರೆ ಪ್ಲೇಗು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ದಾರಿ ಹಿಡಿದು ಹುಬ್ಬಳ್ಳಿ, ಧಾರವಾಡಕ್ಕೆ ಬಂತು. ಅಲ್ಲಿಂದ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಆಗಿನ ಬೆಂಗಳೂರು ಅಂದರೆ ಒಂದು ಕಡೆ ದಂಡು, ಇನ್ನೊಂದು ಕಡೆ ಹಳೇ ಪೇಟೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ ಅಂತ ಒಂದಕ್ಕೊಂದು ಅಂಟಿದ ಬೀದಿಗಳು. ಮನೆಯ ಗೋಡೆಗೆ ಮನೆಯ ಗೋಡೆ ಸೇರಿಕೊಂಡಿರುತ್ತಿತ್ತು. ಮುಂದೆ ಅಂಗಡಿ, ಹಿಂದೆ ಸಂಸಾರ, ಅಟ್ಟದ ಮೇಲೆ ದವಸ. ದವಸ ಇದ್ದ ಕಡೆ ಇಲಿ ಇದ್ದೇ ಇರುತ್ತದೆ. ಮೊದಲು ಇಲಿ ಬೀಳುತ್ತಿತ್ತು, ಆಮೇಲೆ ಮನುಷ್ಯ.

ಆಗ ಕಾಯಿಲೆಯ ಮೂಲ ಜನರಿಗೆ ಗೊತ್ತಿರಲಿಲ್ಲ. ಯೆರ್ಸಿನ್ ಎಂಬ ವೈದ್ಯ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ರೋಗಾಣುವನ್ನು ಗುರುತಿಸಿದ್ದ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಅಂತ ಸಿಮೊಂಡ್ ಎಂಬ ಇನ್ನೊಬ್ಬ ವೈದ್ಯ 1898ರಲ್ಲಿ, ಅಂದರೆ ಬೆಂಗಳೂರಿಗೆ ಪ್ಲೇಗು ಬಂದ ಅದೇ ವರ್ಷ, ಕರಾಚಿಯಲ್ಲಿ ತೋರಿಸಿದ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಸರ್ಕಾರದವರಿಗೆ ಕಂಡದ್ದು ಇಷ್ಟೇ: ಇಕ್ಕಟ್ಟಿನ ಮನೆಗಳಲ್ಲಿ ಸಾವು ಜಾಸ್ತಿ, ಬಯಲಿನಲ್ಲಿ ಕಡಿಮೆ. ಹಳ್ಳಿಗಳಲ್ಲೂ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ನಮ್ಮ ತಾತನವರು ಆಗ ಕೈಕೂಸು. ಊರು ಬಿಟ್ಟು ತಿಂಗಳುಗಟ್ಟಲೆ ಹುಣಸೆ ತೋಪಿನಲ್ಲಿ ಇದ್ದರಂತೆ ಅಂತ ಅವರ ತಾಯಿಯಿಂದ ಕೇಳಿ ಹೇಳುತ್ತಿದ್ದರು. ಬೆಂಗಳೂರಿನ ಕೆಲವು ಕಡೆ ಇವತ್ತಿಗೂ ಪ್ಲೇಗಮ್ಮನ ಗುಡಿಗಳಿವೆ. ಭಯ ಎಷ್ಟಿತ್ತು ಎಂಬುದಕ್ಕೆ ಅವೇ ಸಾಕ್ಷಿ.

ಬಡಾವಣೆ ಹುಟ್ಟಿದ ಬಗೆ

ಪೇಟೆ ಇಕ್ಕಟ್ಟಾಗಿದೆ, ಹೊರಗೆ ಹೊಸ ಬಡಾವಣೆ ಬೇಕು ಎಂಬ ಆಲೋಚನೆ ಪ್ಲೇಗಿಗೂ ಮೊದಲೇ ಇತ್ತು. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲೇ, 1892ರಲ್ಲಿ, ಚಾಮರಾಜಪೇಟೆ ಹಾಕಿದ್ದರು. ಪ್ಲೇಗಿನ ಭಯ ಆ ಆಲೋಚನೆಗೆ ಕಾಲು ಕೊಟ್ಟಿತು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಎಂಬ ಎರಡು ಬಡಾವಣೆಗಳು ಬೆಳೆದವು. ಎರಡಕ್ಕೂ ಗುಡಿಗಳಿಂದಲೇ ಹೆಸರು ಬಂತು. ಪ್ಲೇಗು ಕಮಿಷನರಾಗಿ ಕೆಲಸ ಮಾಡಿದ ವಿ.ಪಿ. ಮಾಧವರಾಯರು ಮುಂದೆ 1906ರಿಂದ 1909ರವರೆಗೆ ದಿವಾನರಾದರು. ದಂಡಿನ ಕಡೆಯೂ ಇದೇ ಭಯದಿಂದ ಫ್ರೇಜರ್ ಟೌನ್ ಹುಟ್ಟಿತು. ಅಲ್ಲಿ ಇಲಿ ನುಗ್ಗದಂಥ ಮನೆ ಕಟ್ಟುವುದೇ ಉದ್ದೇಶವಾಗಿತ್ತು.

ಬಸವನಗುಡಿಯ ನಕ್ಷೆ ನೋಡಿದರೆ ಒಂದು ಮಾತು ತಿಳಿಯುತ್ತದೆ. ಅಲ್ಲಿ ಮನೆಗಿಂತ ಮೊದಲು ರಸ್ತೆ, ಚರಂಡಿ. ನೇರವಾದ ಅಗಲ ರಸ್ತೆ, ರಸ್ತೆಯ ಎರಡೂ ಕಡೆ ಮರ, ಸಾಲು ಸಾಲಾಗಿ ನಿವೇಶನ, ನಿವೇಶನದ ಬೆನ್ನಿಗೆ ಒಂದು ಸಂದಿ, ಅಲ್ಲಲ್ಲಿ ಉದ್ಯಾನ, ಸಂತೆಗೆ ಜಾಗ. ನಿವೇಶನ ಕೊಂಡವರು ಇಡೀ ಜಾಗಕ್ಕೂ ಮನೆ ಕಟ್ಟುವ ಹಾಗಿರಲಿಲ್ಲ. ಮುಂದೆ, ಹಿಂದೆ, ಪಕ್ಕ ಗಾಳಿಗೆ ಜಾಗ ಬಿಡಬೇಕು. ಇವತ್ತು ನಮ್ಮ ಹೊಲದಲ್ಲಿ ಕಲ್ಲು ನೆಡುವವರು ಮೊದಲು ಸೈಟು ಮಾರುತ್ತಾರೆ, ಚರಂಡಿಯ ಮಾತು ಕೊನೆಗೆ. ಅಲ್ಲಿ ಅದು ತಿರುವುಮುರುವಾಗಿತ್ತು.

ನೀರು, ದೀಪಗಳೂ ಆ ಕಾಲದಲ್ಲೇ ಬಂದವು. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರು ಬೆಂಗಳೂರಿಗೆ ಬಂತು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ದೀಪಗಳಿಗೆ ಬಂತು. ಊರು ಬೆಳೆದಂತೆ ಹೆಸರಘಟ್ಟ ಸಾಲದಾಗಿ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಪ್ರತಿ ಸಲವೂ ನೀರು ಇನ್ನಷ್ಟು ದೂರದಿಂದ ಬರಬೇಕಾಯಿತು.

ಮನೆಯ ಒಳಗೆ

ಈಗ ನಾವಿದ್ದ ಮನೆಗೆ ಬರೋಣ. ಗೇಟು ತೆಗೆದರೆ ಎರಡು ಕಡೆ ಪಾರಿಜಾತ, ಸಂಪಿಗೆ. ನಾಲ್ಕು ಮೆಟ್ಟಿಲು ಹತ್ತಿ ಜಗಲಿಗೆ ಹೋಗಬೇಕು. ನೆಲಗಟ್ಟು ಯಾಕೆ ಇಷ್ಟು ಎತ್ತರ ಅಂತ ಒಮ್ಮೆ ಕೇಳಿದ್ದೆವು. ಯಜಮಾನರು ನಕ್ಕು, "ಇಲಿ ಕೊರೀಬಾರ್ದು, ತೇವ ಏರ್‍ಬಾರ್ದು ಅಂತ. ಪ್ಲೇಗ್ ಕಂಡೋರು ಕಟ್ಟಿಸಿದ ಮನೆ ಕಣಪ್ಪಾ ಇದು" ಅಂದರು. ಅವರ ಹಿರಿಯರು ಬಳೇಪೇಟೆಯವರು. ಒಂದೇ ವಾರದಲ್ಲಿ ಮನೆಯ ಮೂವರನ್ನು ಕಳೆದುಕೊಂಡು ಬಯಲಿಗೆ ಬಂದವರು.

ಜಗಲಿಯ ಮೇಲೆ ಮರದ ಪಟ್ಟಿಗಳನ್ನು ಹೆಣೆದ ಚೂಪು ಮಾಡು. ಬೆಂಗಳೂರಿನವರು ಇದನ್ನು 'ಮಂಕಿ ಟಾಪ್' ಅಂತಾರೆ. ಬಿಸಿಲು, ಮಳೆ ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಮುಂದಿನ ಮಾಡಿಗೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಹಂಚು ನಾಡೆಲ್ಲ ಹರಡಿತು. ಒಳಗಿನ ಕೋಣೆಗಳಿಗೆ ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಮೇಲೆ ಸುಣ್ಣದ ಗಾರೆ ಹಾಕಿ ಬಡಿದ ತಾರಸಿ ಅದು. ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ನೆಲಕ್ಕೆ ಕೆಂಪು ಬಣ್ಣದ ಗಾರೆ, ತಿಕ್ಕೀ ತಿಕ್ಕೀ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪ್ರತಿ ಕೋಣೆಗೂ ಎದುರುಬದುರು ಕಿಟಕಿ. ದವಸದ ಉಗ್ರಾಣ ಮಲಗುವ ಕೋಣೆಗಳಿಂದ ದೂರ, ಹಿಂದಿನ ಮೂಲೆಯಲ್ಲಿ. ಹಿತ್ತಲಲ್ಲಿ ಬಾವಿ, ಬಟ್ಟೆ ಒಗೆಯುವ ಕಲ್ಲು, ಹಂಡೆಯ ಬಚ್ಚಲು, ಒಂದು ತೆಂಗು, ಒಂದು ಹಲಸು, ಒಂದು ಹಸುವಿನ ಕೊಟ್ಟಿಗೆ.

ಕೊಟ್ಟಿಗೆಯ ಹಸುವಿನ ಹಾಲು ಕರೆಯುವುದು ನಮ್ಮ ಪಾಲಿನ ಕೆಲಸ. ಅದಕ್ಕೆ ಬದಲಾಗಿ ಬೆಳಗಿನ ತಿಂಡಿ. ಬಾಡಿಗೆ ಇರಲಿಲ್ಲ. ಆ ಮನೆಯ ಅಮ್ಮನವರು ಮೊದಲ ದಿನ, "ಊಟಕ್ಕೆ ಹೊರಗೇ ಕೂತ್ಕೋಪ್ಪ" ಅಂದಿದ್ದರು. ಎರಡನೇ ವರ್ಷ ಒಳಗೆ ನಡುಮನೆಯಲ್ಲಿ ಬಡಿಸಿದರು. ಇಷ್ಟನ್ನೂ ಬರೆಯಬೇಕು, ಮುಚ್ಚಿಡಬಾರದು. ಅವರು ಒಳ್ಳೆಯವರೇ. ಕಾಲ ಹಾಗಿತ್ತು.

ಮನೆಯ ಹಿಂದಿನ ಸಂದಿ

ಇತಿಹಾಸವನ್ನು ಮುಂಬಾಗಿಲಿಂದ ಮಾತ್ರ ನೋಡಿದರೆ ಅರ್ಧ ತಿಳಿಯುತ್ತದೆ. ಬಸವನಗುಡಿಯ ಮನೆಗಳ ಹಿಂದೆ ಹತ್ತಡಿಯಷ್ಟು ಅಗಲದ ಸಂದಿಗಳಿದ್ದವು. ಈ ಸಂದಿ ಯಾತಕ್ಕೆ? ಒಳಚರಂಡಿ ಬರುವ ಮೊದಲು ಪಾಯಿಖಾನೆ ಹಿತ್ತಲ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಹಿಂದಿನ ಸಂದಿಯಿಂದ ಬಂದು ಮಲವನ್ನು ಬಳಿದು ಹೊತ್ತುಕೊಂಡು ಹೋಗುವವರಿದ್ದರು. ಬಡಾವಣೆ ಚೊಕ್ಕಟ, ಆರೋಗ್ಯ ಅಂತ ಎಲ್ಲರೂ ಹೊಗಳಿದರು. ಆ ಚೊಕ್ಕಟ ನಿಂತಿದ್ದದ್ದು ಆ ಜನರ ತಲೆಯ ಮೇಲೆ. ಅವರಿಗೆ ಆ ಬಡಾವಣೆಯಲ್ಲಿ ನಿವೇಶನ ಇರಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು 1993ರಲ್ಲಿ, ಇನ್ನಷ್ಟು ಬಿಗಿಯಾದ ಕಾನೂನು 2013ರಲ್ಲಿ ಬಂದವು.

ಇನ್ನೊಂದು ಮಾತು. ಬಸವನಗುಡಿ, ಮಲ್ಲೇಶ್ವರಗಳನ್ನು ಹಾಕಿದಾಗ ನಿವೇಶನಗಳನ್ನು ಜಾತಿವಾರು ವಿಂಗಡಿಸಿದ್ದರು. ಇಂಥ ಬೀದಿ ಇಂಥವರಿಗೆ ಅಂತ. ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಂದರೂ ಪೇಟೆಯ ಪಂಕ್ತಿಭೇದವನ್ನು ಬಿಟ್ಟು ಬರಲಿಲ್ಲ. ಹೊಸ ಊರು ಕಟ್ಟುವಾಗ ಹಳೇ ತಪ್ಪನ್ನೂ ನಕ್ಷೆಯಲ್ಲಿ ಬರೆದುಬಿಟ್ಟರೆ ಅದು ಕಲ್ಲಿನ ಗೋಡೆಯಷ್ಟು ಕಾಲ ಬಾಳುತ್ತದೆ. ಇದನ್ನೂ ನಾವು ನೆನಪಿಡಬೇಕು.

ಸಂಘದ ಸಾಲದಿಂದ ಎದ್ದ ಮನೆ

ಯಜಮಾನರು ದೊಡ್ಡ ಸಾಹುಕಾರರಲ್ಲ ಅಂತ ಮೊದಲೇ ಹೇಳಿದೆವು. ಗುಮಾಸ್ತರ ಸಂಬಳದಲ್ಲಿ ಇಂಥ ಮನೆ ಹೇಗೆ ಎದ್ದಿತು? ಈ ಪ್ರಶ್ನೆ ನಮ್ಮ ಸಂಘದ ಸದಸ್ಯರಿಗೆ ರುಚಿಸುವಂಥದ್ದು. ಅವರೇ ಹೇಳುತ್ತಿದ್ದರು: "ಸಹಕಾರ ಸಂಘದ ಸಾಲ ಕಣಯ್ಯಾ. ತಿಂಗಳು ತಿಂಗಳು ಸಂಬಳದಲ್ಲಿ ಹಿಡ್ಕೊಳ್ಳೋರು. ಮನೆ ನಂದಾಗೋ ಹೊತ್ಗೆ ತಲೆ ಬೆಳ್ಳಗಾಗಿತ್ತು."

ಸಹಕಾರ ಎಂಬುದು ನಮ್ಮ ದೇಶಕ್ಕೆ ಕಾನೂನಾಗಿ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ಅದು ನಮ್ಮ ನಾಡಿನ ಹೆಮ್ಮೆ. ಮೈಸೂರು ಸಂಸ್ಥಾನವೂ ಅದೇ 1905ರಲ್ಲಿ ತನ್ನದೇ ಸಹಕಾರ ಕಾಯಿದೆ ಮಾಡಿತು. 1909ರಲ್ಲಿ ಬೆಂಗಳೂರು ಕಟ್ಟಡ ಸಹಕಾರ ಸಂಘ ಹುಟ್ಟಿತು. ಇದು ದೇಶದ ಮೊದಮೊದಲ ಗೃಹ ನಿರ್ಮಾಣ ಸಹಕಾರ ಸಂಘಗಳಲ್ಲಿ ಒಂದು. ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಗೃಹ ಸಹಕಾರ ಸಂಘ 1915ರಲ್ಲಿ ಬಂತು. ಅದನ್ನು ಕಟ್ಟಿದ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರ ಸಮಾಜದ ಮೂಲ ನಮ್ಮ ಕನ್ನಡ ಕರಾವಳಿಯೇ.

ಇಂಥ ಸಂಘಗಳ ಕೆಲಸದ ರೀತಿ ನಮ್ಮ ಹಾಲಿನ ಸಂಘಕ್ಕಿಂತ ಬಹಳ ಬೇರೆಯಲ್ಲ. ನಾವು ಹಾಲು ಹಾಕುತ್ತೇವೆ, ಅವರು ಷೇರು ಹಣ ಹಾಕುತ್ತಿದ್ದರು. ಒಬ್ಬನಿಗೆ ಸಾಲ ಕೊಡದ ಸಾಹುಕಾರ ನೂರು ಜನ ಸೇರಿ ನಿಂತರೆ ಕೊಡುತ್ತಾನೆ. ಆ ಹಣದಲ್ಲಿ ಸದಸ್ಯರು ಮನೆ ಕಟ್ಟಿ, ಕಂತುಗಳಲ್ಲಿ ತೀರಿಸುತ್ತಿದ್ದರು. ಒಬ್ಬರು ಕಂತು ತಪ್ಪಿಸಿದರೆ ಇನ್ನೊಬ್ಬರ ಮನೆ ನಿಲ್ಲುತ್ತದೆ ಎಂಬ ಭಯ, ನಾಚಿಕೆ ಎರಡೂ ಇದ್ದದ್ದರಿಂದ ಸಂಘ ನಡೆಯುತ್ತಿತ್ತು. ನಮ್ಮಲ್ಲೂ ಹಾಲಿಗೆ ನೀರು ಬೆರೆಸುವವನು ಡಿಗ್ರಿ ನೋಡುವ ಹುಡುಗನಿಗೆ ಹೆದರುವುದಕ್ಕಿಂತ ಹೆಚ್ಚಾಗಿ ಸಾಲಿನಲ್ಲಿ ಹಿಂದೆ ನಿಂತ ನೆರೆಯವನಿಗೆ ಹೆದರುತ್ತಾನೆ ಅಲ್ಲವೇ?

ಹೆಸರು ಕಳೆದುಕೊಂಡ ಹಳ್ಳಿಗಳು

ಇಷ್ಟೆಲ್ಲ ಚೆನ್ನಾಗಿ ಬೆಳೆದ ಬಡಾವಣೆಯಲ್ಲಿ ಮೊದಲಿಂದ ಇದ್ದ ಹಳ್ಳಿಗಳೇನಾದವು? ಗಾಂಧಿ ಬಜಾರು ಬಂತು. 1917ರಲ್ಲಿ ನ್ಯಾಷನಲ್ ಹೈಸ್ಕೂಲು, 1943ರಲ್ಲಿ ವಿದ್ಯಾರ್ಥಿ ಭವನದ ದೋಸೆ, 1945ರಲ್ಲಿ ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬಂದವು. ಗವಿಪುರದಲ್ಲಿ ಮಾಸ್ತಿಯವರು ಇದ್ದರು. ಸಾಹಿತಿಗಳ ಬಡಾವಣೆ ಅಂತ ಹೆಸರಾಯಿತು. ಎಲ್ಲ ಸಂತೋಷವೇ. ಆದರೆ ಸುಂಕೇನಹಳ್ಳಿ ಎಂಬ ಊರು ಎಲ್ಲಿದೆ ಅಂತ ಗಾಂಧಿ ಬಜಾರಿನಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ ತಲೆ ಕೆರೆದುಕೊಳ್ಳುತ್ತಾರೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದಲ್ಲಿ ಅದು ಒಂದು ವಾರ್ಡಿನ ಹೆಸರಾಗಿ ಉಳಿದಿತ್ತು. ಮಾವಳ್ಳಿ ಎಂಬ ಹಳ್ಳಿಯ ಹೆಸರನ್ನು ನಾಡಿಗೆಲ್ಲ ತಿಳಿಸಿದ್ದು ಒಂದು ಹೋಟೆಲು. 1924ರಲ್ಲಿ ಶುರುವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ ಆದ ಎಂ.ಟಿ.ಆರ್. ಅದು. ಹಳ್ಳಿಯ ಹೆಸರು ಹೋಟೆಲಿನ ಬೋರ್ಡಿನಲ್ಲಿ ಉಳಿಯಿತು ಅಂದರೆ ನಗಬೇಕೋ ಅಳಬೇಕೋ ತಿಳಿಯದು.

ಕೆರೆಗಳ ಕಥೆಯೂ ಅಷ್ಟೆ. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಬಸವನಗುಡಿಯ ಪಕ್ಕದ ಕೆಂಪಾಂಬುಧಿ ಕೆರೆ ಪುಣ್ಯಕ್ಕೆ ಉಳಿದಿದೆ. ಪ್ರತಿ ಬಡಾವಣೆಯೂ ಒಂದೊಂದು ಕೆರೆ ನುಂಗಿ, ಆಮೇಲೆ ದೂರದ ಹೊಳೆಯಿಂದ ನೀರು ತರಿಸಿಕೊಂಡಿತು.

ಮುಂದೆ ಬೆಂಗಳೂರು ಇನ್ನೂ ದೊಡ್ಡದಾಯಿತು. 1945ರಲ್ಲಿ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡು, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದವು. ಗೃಹ ನಿರ್ಮಾಣ ಸಹಕಾರ ಸಂಘಗಳು ನಾಯಿಕೊಡೆಯ ಹಾಗೆ ಎದ್ದವು. ಅವುಗಳಲ್ಲಿ ಪ್ರಾಮಾಣಿಕವಾದವೂ ಇದ್ದವು, ಸಹಕಾರದ ಅಂಗಿ ತೊಟ್ಟ ದಲ್ಲಾಳಿಗಳೂ ಇದ್ದರು. ಅಂಥ ಒಂದು ಸಂಘಕ್ಕಾಗಿ ಸರ್ಕಾರ ರೈತರ ಜಮೀನು ವಶಪಡಿಸಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಧ್ಯವರ್ತಿಗೆ ಹಣ ಕೊಟ್ಟು ಜಮೀನು ಮಂಜೂರು ಮಾಡಿಸಿಕೊಂಡದ್ದು ಸಾರ್ವಜನಿಕ ಉದ್ದೇಶವಲ್ಲ ಅಂತ 1995ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟು, ಆ ಭೂಸ್ವಾಧೀನ ರದ್ದಾದದ್ದನ್ನು ಎತ್ತಿಹಿಡಿಯಿತು. ಗೆದ್ದವರು ಹಳ್ಳಿಯ ರೈತರು. 1909ರಲ್ಲಿ ಗುಮಾಸ್ತರಿಗೆ ಸೂರು ಕೊಡಲು ಹುಟ್ಟಿದ 'ಸಹಕಾರ' ಎಂಬ ಮಾತು ಎಂಬತ್ತು ವರ್ಷದಲ್ಲಿ ಎಲ್ಲಿಗೆ ಬಂತು ನೋಡಿ. ಹೆಸರಿನಲ್ಲಿ ಸಹಕಾರ ಇದ್ದರೆ ಸಾಲದು, ಸದಸ್ಯರು ಕಣ್ಣು ಬಿಟ್ಟುಕೊಂಡಿರಬೇಕು.

ಮನೆ ಬಿತ್ತು

ಯಜಮಾನರು, ಅಮ್ಮನವರು ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳು, ಮೊಮ್ಮಕ್ಕಳು ಬೇರೆ ಬೇರೆ ಊರು, ಬೇರೆ ಬೇರೆ ದೇಶ ಸೇರಿದರು. ಮೂರು ವರ್ಷದ ಹಿಂದೆ ಪರಿಷೆಗೆ ಹೋದಾಗ ಹಳೇ ಅಭ್ಯಾಸದಂತೆ ಆ ಬೀದಿಗೆ ತಿರುಗಿದೆವು. ಮನೆ ಇರಲಿಲ್ಲ. ತಗಡಿನ ಬೇಲಿ, ಒಳಗೆ ಜೆ.ಸಿ.ಬಿ. ಯಂತ್ರ. ತೇಗದ ತೊಲೆಗಳನ್ನು ಲಾರಿಗೆ ಹಾಕುತ್ತಿದ್ದರು. ಬಾವಿಗೆ ಅದೇ ಮನೆಯ ಇಟ್ಟಿಗೆ ಚೂರು ಸುರಿದು ಮುಚ್ಚುತ್ತಿದ್ದರು. ಕಾವಲುಗಾರ, "ಏನ್ ತಾತ, ಫ್ಲ್ಯಾಟ್ ಬೇಕಾ?" ಅಂತ ಕೇಳಿದ. ನಾವು ಬೇಡಪ್ಪ ಅಂತ ಹೇಳಿ, ಬಿದ್ದಿದ್ದ ಒಂದು ಹಂಚಿನ ಚೂರನ್ನು ಚೀಲಕ್ಕೆ ಹಾಕಿಕೊಂಡು ಬಂದೆವು. ಅದು ಈಗಲೂ ನಮ್ಮ ಪುಸ್ತಕದ ಗೂಡಿನಲ್ಲಿದೆ.

ಮಾರಿದವರನ್ನು ನಾವು ದೂರುವುದಿಲ್ಲ. ಹತ್ತು ಜನ ಹಕ್ಕುದಾರರು ಇದ್ದ ಮನೆಯನ್ನು ಒಬ್ಬರು ಹೇಗೆ ಇಟ್ಟುಕೊಳ್ಳುವುದು? ಪೇಟೆಯ ಇಕ್ಕಟ್ಟಿನಿಂದ ಓಡಿಬಂದು ನಾಲ್ಕೂ ಕಡೆ ಗಾಳಿ ಬಿಟ್ಟು ಕಟ್ಟಿದ ಜಾಗದಲ್ಲಿ ಈಗ ಗೋಡೆಗೆ ಗೋಡೆ ಅಂಟಿಸುವ ಹಾಗೆ ಕಟ್ಟಡಗಳು ಏಳುತ್ತಿವೆ. ಭಯ ಮರೆತುಹೋಯಿತು, ಭಯ ಕಲಿಸಿದ ಪಾಠವೂ ಮರೆತುಹೋಯಿತು. 2020ರಲ್ಲಿ ಕೊರೋನಾ ಬಂದಾಗ ಪೇಟೆಯ ಜನ ಮತ್ತೆ ಹಳ್ಳಿಯ ಕಡೆ ಓಡಿಬಂದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ನಮ್ಮೂರಿನ ಎಷ್ಟು ಮಕ್ಕಳು ಆಗ ಮನೆಗೆ ಬರಲಿಲ್ಲ?

ನಮ್ಮೂರಿಗೆ ನಾಲ್ಕು ಮಾತು

ಈಗ ನಮ್ಮ ಸರದಿ. ಊರು ಬದಲಾಗಬಾರದು ಅಂತ ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಲೂ ಬೇಕಾಗಿಲ್ಲ. ಮಗಳ ಮದುವೆ, ಮಗನ ಓದು, ಬತ್ತಿದ ಬೋರ್‌ವೆಲ್ಲು, ಎಲ್ಲರಿಗೂ ಅವರವರ ಕಷ್ಟ ಗೊತ್ತು. ಜಮೀನು ಮಾರುವವರು ಮಾರಿಯಾರು. ಹುಲ್ಲುಗಾವಲು ಕಡಿಮೆಯಾದ ಹಾಗೆ ಸಂಘಕ್ಕೆ ಬರುವ ಹಾಲೂ ಕಡಿಮೆಯಾಗುತ್ತಿರುವುದು ಎಲ್ಲರಿಗೂ ಕಾಣುತ್ತಿದೆ. ಆದರೆ ಒಬ್ಬೊಬ್ಬರೇ ಕತ್ತಲಲ್ಲಿ ಸಹಿ ಹಾಕುವುದಕ್ಕೂ, ಎಲ್ಲರೂ ಸೇರಿ ಕೂತು ಕೇಳಬೇಕಾದ್ದನ್ನು ಕೇಳಿ ಆಮೇಲೆ ತೀರ್ಮಾನ ಮಾಡುವುದಕ್ಕೂ ವ್ಯತ್ಯಾಸ ಇದೆ. ಸೇರಿ ಕೂರುವುದನ್ನು ಈ ಸಂಘ ನಮಗೆ ಇಪ್ಪತ್ತೈದು ವರ್ಷದಿಂದ ಕಲಿಸಿದೆ.

ಬಸವನಗುಡಿಯ ಕಥೆಯಿಂದ ನಮಗೆ ಹೊಳೆದದ್ದು ಇಷ್ಟು. ಒಂದು, ಚರಂಡಿ, ರಸ್ತೆ, ನೀರು ಮೊದಲು, ಸೈಟು ಆಮೇಲೆ. ನಕ್ಷೆ ಮಂಜೂರಾಗಿದೆಯೋ ಇಲ್ಲವೋ ಅಂತ ಕಾಗದ ನೋಡದೆ ಯಾರೂ ಮುಂಗಡ ಮುಟ್ಟಬಾರದು. ಎರಡು, ಊರ ಕೆರೆ ಮತ್ತು ಕೆರೆಗೆ ನೀರು ತರುವ ಕಾಲುವೆ ಯಾವ ಲೇಔಟಿನೊಳಗೂ ಸೇರಬಾರದು. ಕಾಲುವೆಗೆ ಮಣ್ಣು ಹಾಕಿದರೆ ಕೆರೆ ತಾನಾಗಿಯೇ ಸಾಯುತ್ತದೆ. ಮೂರು, ಹೊಸ ಬಡಾವಣೆಯಲ್ಲಿ ಇಂಥ ಜಾತಿಯವರಿಗೆ ಇಲ್ಲ ಅನ್ನುವ ಮಾತು ಬಾಯಲ್ಲೂ ಬರಬಾರದು, ಊರ ಹೊರಗಿನ ಕೇರಿಯವರಿಗೂ ಅದರಲ್ಲಿ ಜಾಗ ಸಿಗಬೇಕು. ನಾಲ್ಕು, ಬಡಾವಣೆಗೆ ಯಾರು ಏನು ಹೆಸರಿಟ್ಟರೂ ನಮ್ಮೂರಿನ ಹೆಸರು ಬಿಡಬಾರದು. ಇಂಗ್ಲಿಷಿನ ಗಾರ್ಡನ್ನೋ ವ್ಯಾಲಿಯೋ ಆಗಿಬಿಟ್ಟರೆ ನಾಳೆ ನಮ್ಮ ಮರಿಮಕ್ಕಳು ನಮ್ಮೂರು ಎಲ್ಲಿತ್ತು ಅಂತ ಸುಂಕೇನಹಳ್ಳಿಯವರ ಹಾಗೆ ಹುಡುಕಬೇಕಾಗುತ್ತದೆ.

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯಕ್ಕೆ ಒಂದು ಗಂಟೆ ಕೊಡಿ ಅಂತ ಆಡಳಿತ ಮಂಡಳಿಯನ್ನು ಈ ಮೂಲಕ ಕೇಳಿಕೊಳ್ಳುತ್ತೇವೆ. ಹಾಲಿನ ಲೆಕ್ಕದ ಜೊತೆಗೆ ಊರಿನ ಲೆಕ್ಕವೂ ಆಗಲಿ. ಆ ಸಭೆಗೆ ನಾವು ಬರುತ್ತೇವೆ, ಹಂಚಿನ ಚೂರನ್ನೂ ತರುತ್ತೇವೆ. ನೋಡಬೇಕು ಅನ್ನುವ ಮಕ್ಕಳು ಮುಟ್ಟಿ ನೋಡಬಹುದು.

ಸಂಘ ಕಟ್ಟಿದ ಹಿರಿಯರಿಗೆ ನಮಸ್ಕಾರ. ಬೆಳಗ್ಗೆ ಐದಕ್ಕೆ ಎದ್ದು ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವ ತಾಯಂದಿರಿಗೆ ಇನ್ನೂ ದೊಡ್ಡ ನಮಸ್ಕಾರ. ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಅದೂ ಇದೇ ಹೆಸರಿನ ಊರಿನಲ್ಲಿ ಕಾಣಲಿ ಎಂದು ಹಾರೈಸುತ್ತೇವೆ.